ಬಿಸಿಯಿಲ್ಲದ ದೀಪ

ಹಿಮ ಬೀಳುವುದನ್ನು ನಾನು ಈವರೆಗೆ ಕಣ್ಣಾರೆ ಕಂಡಿಲ್ಲ. ಹುಟ್ಟಿದ್ದು ಮೈಸೂರಿನಲ್ಲಿ, ಸಂಸಾರ ಕ್ವಾಲಾಲಂಪುರದಲ್ಲಿ. ಎರಡೂ ಕಡೆ ಹಿಮ ಸಿಗುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮದಲ್ಲಿ ಕಾರು ಓಡಿಸುವುದು ಹೇಗೆಂದು ಜನರಿಗೆ ಬುದ್ಧಿ ಹೇಳುವುದೇ ನನ್ನ ಕೆಲಸ. ಇದನ್ನು ಕೇಳಿದವರು ಮೊದಲು ನಗುತ್ತಾರೆ. ಸೇರಿದ ಹೊಸದರಲ್ಲಿ ನಾನೂ ನಕ್ಕಿದ್ದೆ.

ಈಗಿನ ಕಾರುಗಳಲ್ಲಿ, ಒಳಗಿನ ಕನ್ನಡಿಯ ಹತ್ತಿರ, ಕಷ್ಟಕಾಲಕ್ಕೆ ಒತ್ತುವ ಒಂದು ಗುಂಡಿ ಇರುತ್ತದೆ. ಕೆನಡಾದ ಯಾವುದೋ ಮೂಲೆಯಲ್ಲಿ ಯಾರೋ ಅದನ್ನು ಒತ್ತಿದರೆ ಕರೆ ಬಂದು ಬೀಳುವುದು ಕ್ವಾಲಾಲಂಪುರದ ಒಂದು ಎತ್ತರದ ಕಟ್ಟಡದಲ್ಲಿ ಕೂತ ನನ್ನ ಕಿವಿಗೆ. ನಮ್ಮ ಬೆಳಗಿನ ಪಾಳಿ ಎಂದರೆ ಅವರಿಗೆ ಸಂಜೆ. ನನ್ನ ಪರದೆಯ ಮೇಲೆ ಅವರ ಊರಿನ ನಕ್ಷೆ, ಅದರಲ್ಲಿ ಅವರ ಕಾರು ಒಂದು ನೀಲಿ ಚುಕ್ಕಿ, ಮೂಲೆಯಲ್ಲಿ ಅವರ ಹವಾಮಾನ. ನಾವು ಎಲ್ಲಿಂದ ಮಾತಾಡುತ್ತಿದ್ದೇವೆಂದು ಬಾಯಿಬಿಡುವಂತಿಲ್ಲ. ಬದಲಿಗೆ ಹವಾಮಾನ ನೋಡಿಕೊಂಡು ‘ಇವತ್ತು ಚಳಿ ಜಾಸ್ತಿ ಅಲ್ಲವೇ’ ಎಂದು ಆಪ್ತವಾಗಿ ಕೇಳಬೇಕು. ಕೆಳಗೆ ರಸ್ತೆಯಲ್ಲಿ ಜನ ಬೆವರು ಒರೆಸಿಕೊಂಡು ಬಸ್ಸಿಗೆ ಕಾಯುತ್ತಿರುತ್ತಾರೆ. ಮೇಲೆ ಏಸಿಯ ಕಾಟಕ್ಕೆ ನಾವೆಲ್ಲ ಸ್ವೆಟರ್ ತೊಟ್ಟಿರುತ್ತೇವೆ, ಆದ್ದರಿಂದ ಚಳಿಯ ಮಾತು ಪೂರ್ತಿ ಸುಳ್ಳೂ ಅಲ್ಲ.

ಚಳಿಗಾಲದಲ್ಲಿ ಬರುವ ಗೋಳುಗಳಲ್ಲಿ ಒಂದು ಹೆಡ್‌ಲೈಟಿನದು. ದೀಪ ಉರಿಯುತ್ತಿದೆ, ಆದರೆ ದಾರಿ ಕಾಣುತ್ತಿಲ್ಲ ಎನ್ನುತ್ತಾರೆ. ಇದೇನೆಂದು ನಮಗೆ ತಿಳಿಸಲು ತರಬೇತಿಯ ಹುಡುಗಿ ಒಂದು ದಿನ ಕೆಳಗಿನ ಅಂಗಡಿಯಿಂದ ಐಸ್ ಕಚಾಂಗ್ ತಪಾವ್ ಮಾಡಿಸಿಕೊಂಡು, ಅಂದರೆ ಕಟ್ಟಿಸಿಕೊಂಡು, ಬಂದಳು. ತುರಿದ ಐಸಿನ ಮೇಲೆ ಕಾಳು, ಬಣ್ಣದ ಪಾಕ ಸುರಿದು ಕೊಡುವ ಇಲ್ಲಿನ ತಿಂಡಿ ಅದು. ಅವಳು ಪಿನಾಂಗ್ ಕಡೆಯವಳು, ಅವಳೂ ಹಿಮ ಕಂಡವಳಲ್ಲ. ಫೋನಿನ ಟಾರ್ಚ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಒಂದು ಹಿಡಿ ಐಸ್ ಮೆತ್ತಿದಳು. ಬೆಳಕು ಐಸಿನೊಳಗೇ ಮಂಕಾಗಿ ಕೂತುಬಿಟ್ಟಿತು. “ಸೀ, ಲೈಟ್ ಇದೆ, ರೋಡ್ ಇಲ್ಲ ಲಾ” ಎಂದಳು, ಮಾತಿನ ಕೊನೆಗೆ ‘ಲಾ’ ಸೇರಿಸುವ ಇಲ್ಲಿಯವರ ರೂಢಿಯಂತೆ. ಉಳಿದದ್ದನ್ನು ನಾವು ಚಮಚ ಹಂಚಿಕೊಂಡು ತಿಂದೆವು. ನಮ್ಮ ಹಿಮದ ಪಾಠ ಅಲ್ಲಿಗೆ ಮುಗಿಯಿತು.

ಕಾರಣವನ್ನು ನಾನು ಆಮೇಲೆ ನನ್ನಷ್ಟಕ್ಕೆ ಅರ್ಥಮಾಡಿಕೊಂಡೆ. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯವರು ಕೋಳಿಮರಿಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ಹಳದಿ ಬಲ್ಬ್ ಇಳಿಬಿಡುತ್ತಿದ್ದರು. ಮರಿಗಳು ಅದರ ಕಾವಿಗೆ ಒತ್ತೊತ್ತಾಗಿ ಮಲಗುತ್ತಿದ್ದವು. ಹಳೆಯ ಕಾರುಗಳ ಹೆಡ್‌ಲೈಟು ಆ ಜಾತಿಯದು. ತನ್ನ ಮೇಲೆ ಬಿದ್ದ ಹಿಮವನ್ನು ತಾನೇ ಕರಗಿಸಿಕೊಳ್ಳುತ್ತಿತ್ತು. ಈಗಿನ ಕಾರುಗಳ ಎಲ್‌ಇಡಿ ದೀಪಕ್ಕೆ ಮುಂಭಾಗದಲ್ಲಿ ಕಾವಿಲ್ಲ. ಇರುವ ಬಿಸಿಯೆಲ್ಲ ಹಿಂದಕ್ಕೆ ಹೋಗುತ್ತದೆ, ಗಾಜು ತಣ್ಣಗೆ ಕೂತಿರುತ್ತದೆ. ಬಿದ್ದ ಹಿಮ ಅಲ್ಲೇ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಕರೆಂಟು ಉಳಿಯುತ್ತದೆ, ದೀಪ ಬಾಳಿಕೆ ಬರುತ್ತದೆ, ನೋಡಲು ಚೆಂದ, ಎಲ್ಲ ನಿಜ. ಹಿಮ ಬೀಳುವ ದೇಶಕ್ಕೆ ತನ್ನ ಮೈಮೇಲಿನ ಹಿಮವನ್ನೇ ಕರಗಿಸಲಾರದ ದೀಪ ಕಳಿಸಬಹುದೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮನೆಯಲ್ಲಿ ಈ ಕಥೆ ಹೇಳಿದಾಗ ನನ್ನ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಎಂದಿನಂತೆ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು: “ಜಸ್ಟ್ ಪುಟ್ ಎ ವೈಪರ್ ಲಾ, ಅಮ್ಮ.” ಗಂಡ ಕ್ಲಾಂಗ್ ಬಂದರಿನ ಒಂದು ಸರಕು ಕಂಪನಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾನೆ. “ನಿನ್ನ ತಲೆಗೆ ಹೊಳೆದಿದ್ದು ಅವ್ರಿಗೆ ಹೊಳೀಲಿಲ್ಲ ನೋಡು” ಎಂದು ಅವಳ ತಲೆ ಸವರಿದ. ನಮಗೆ ಆಗ ಅದೆಲ್ಲ ಊಟದ ಹೊತ್ತಿನ ತಮಾಷೆ.

ಆ ಕರೆ ಬಂದದ್ದು ಜನವರಿಯ ಒಂದು ಬೆಳಿಗ್ಗೆ. ಪಾಳಿ ಶುರುವಾಗಿ ನನ್ನ ಕಾಫಿ ಇನ್ನೂ ಆರಿರಲಿಲ್ಲ. ಹೆಂಗಸಿನ ದನಿ, ನನ್ನ ಓರಗೆಯವಳೇ ಇರಬೇಕು. ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನನ್ನೊಳಗೆ ಅದು ಕನ್ನಡದಲ್ಲಿ ಉಳಿದುಬಿಟ್ಟಿದೆ, ಹಾಗೇ ಬರೆಯುತ್ತೇನೆ.

“ಹೆಡ್‌ಲೈಟ್ ಕೆಟ್ಟಿದೆ” ಎಂದಳು ಆಕೆ. ಕೆಟ್ಟಿರಲಿಲ್ಲ. ದೀಪ ಉರಿಯುತ್ತಿದೆಯೆಂದು ನನ್ನ ಪರದೆ ಹೇಳುತ್ತಿತ್ತು, ಮೂಲೆಯಲ್ಲಿ ಭಾರಿ ಹಿಮಪಾತದ ಗುರುತಿತ್ತು. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಇಳಿದು ಬ್ರಷ್ಷಿನಿಂದ ಗಾಜು ಒರೆಸಿ, ಆಮೇಲೆ ಹೊರಡಿ ಎಂದೆ. ಇದು ನಾನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲ ಪಾಠ.

“ಒರೆಸಿದ್ದೇನೆ. ಮೂರು ಸಲ ಒರೆಸಿದೆ. ಸ್ವಲ್ಪ ದೂರ ಹೋಗುವುದರಲ್ಲಿ ಮತ್ತೆ ಮುಚ್ಚುತ್ತಿದೆ. ನನಗೆ ನಿಲ್ಲಿಸುತ್ತಾ ಹೋಗುವಷ್ಟು ಹೊತ್ತಿಲ್ಲ.”

ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ತಾಯಿಯ ಪಕ್ಕದಲ್ಲಿ ತಮ್ಮ ಕೂತಿದ್ದಾನೆ. ಈ ರಾತ್ರಿ ಕಳೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ತಾಯಿಗೆ ಇನ್ನೂ ಪ್ರಜ್ಞೆಯಿದೆ, ಇವಳೆಲ್ಲಿ ಇವಳೆಲ್ಲಿ ಎಂದು ಕೇಳುತ್ತಿದ್ದಾಳೆ. ಒಳ್ಳೆಯ ದಿನಗಳಲ್ಲಿ ಒಂದು ಗಂಟೆಯ ದಾರಿ. ಈಗಾಗಲೇ ಅದಕ್ಕಿಂತ ಹೆಚ್ಚಾಗಿದೆ, ಅರ್ಧವೂ ಸಾಗಿಲ್ಲ.

ಕಾರು ಎಳೆಯುವ ಗಾಡಿ ಸಿಗುತ್ತದೆಯೇ ಎಂದು ಇನ್ನೊಂದು ಲೈನಿನಲ್ಲಿ ವಿಚಾರಿಸಿದೆ. ಬಿರುಗಾಳಿಗೆ ಗಾಡಿಗಳೆಲ್ಲ ಹೊರಗಿವೆ, ಅಲ್ಲಿ ಬೆಳಗಾಗುವುದರೊಳಗೆ ಬಂದರೆ ಪುಣ್ಯ ಎಂದರು. ಟ್ಯಾಕ್ಸಿ ಆ ರಸ್ತೆಗೆ ಬರುವುದಿಲ್ಲ. ಪೊಲೀಸರು ಕಾರಿನ ಸಂಖ್ಯೆ ಬರೆದುಕೊಂಡಿದ್ದೇವೆ ಎಂದಷ್ಟೇ ಹೇಳಿದರು. ಉಳಿದದ್ದು ಆಕೆ, ಆಕೆಯ ಬ್ರಷ್ಷು, ನಾನು.

ನಮ್ಮ ಮೇಲ್ವಿಚಾರಕಿ ಒಬ್ಬ ಮಲಯ್ ಹೆಂಗಸು, ಕರೆ ಉದ್ದವಾದರೆ ಬೆನ್ನ ಹಿಂದೆ ಬಂದು ನಿಲ್ಲುವವಳು. ಅವತ್ತೂ ಬಂದು ನಿಂತಳು. ನಾನು ಮೈಕ್ ಮುಚ್ಚಿ ವಿಷಯ ಹೇಳಿದೆ. “ಸ್ಟೇ ವಿತ್ ಹರ್” ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋದಳು. ಮತ್ತೆ ಆ ಬೆಳಿಗ್ಗೆ ಬರಲಿಲ್ಲ.

ಹೀಗೆ ನಾವಿಬ್ಬರೂ ಹೊರಟೆವು. ನೀಲಿ ಚುಕ್ಕಿ ಸ್ವಲ್ಪ ಜರುಗುತ್ತಿತ್ತು, ನಿಲ್ಲುತ್ತಿತ್ತು. ಬಾಗಿಲು ತೆರೆದ ಸದ್ದು, ಗಾಳಿಯ ಸದ್ದು, ಗಾಜಿನ ಮೇಲೆ ಪರಪರ ಕೆರೆಯುವ ಸದ್ದು, ಮತ್ತೆ ಬಾಗಿಲು. ಆಕೆ ಏದುಸಿರು ಬಿಡುತ್ತಾ ಕೂರುತ್ತಿದ್ದಳು. ಗ್ಲೌಸು ನೆನೆದುಹೋಗಿದೆ ಎಂದಳು. ಬೆರಳು ಮರಗಟ್ಟಿದೆ ಎಂದಳು. ಕಾರಿನ ಹೀಟರಿಗೆ ಕೈ ಹಿಡಿದುಕೊಳ್ಳಿ ಎಂದೆ. ಒಳಗಡೆ ಕೂತವರಿಗೆ ಬಿಸಿ ಊದುವ ಕಾರು ಅದು, ತನ್ನ ಕಣ್ಣಿಗೆ ಮಾತ್ರ ಊದಿಕೊಳ್ಳಲಾರದು.

ನಡುವೆ ಒಂದು ಲಾರಿ ಆಕೆಯನ್ನು ದಾಟಿ ಮುಂದೆ ಹೋಯಿತು. ಅದರ ಹಿಂದಿನ ಕೆಂಪು ದೀಪ ಹಿಡಿದು ಹೋಗುತ್ತೇನೆ, ಆಗ ನನ್ನ ದೀಪವೇ ಬೇಡ ಎಂದಳು. ದನಿಯಲ್ಲಿ ಮೊದಲ ಸಲ ಸ್ವಲ್ಪ ಜೀವ ಬಂದಿತ್ತು. ಬೇಡ, ಲಾರಿಯ ಚಕ್ರ ಎಬ್ಬಿಸುವ ಹಿಮದ ಪುಡಿ ನಿಮ್ಮ ದೀಪಕ್ಕೆ ಇನ್ನೂ ಬೇಗ ಮೆತ್ತುತ್ತದೆ, ಎದುರು ಬರುವವರಿಗೆ ನೀವು ಕಾಣಿಸುವುದೇ ಇಲ್ಲ, ಹಿಂದೆ ಉಳಿಯಿರಿ ಎಂದೆ. ಚುಕ್ಕಿಯ ವೇಗ ಇಳಿಯಿತು. ಲಾರಿಯನ್ನು ಹೋಗಲು ಬಿಟ್ಟಳು.

ಆಮೇಲೆ ಕೇಳಿದಳು. “ಒಂದು ಮಾತು ಸರಿಯಾಗಿ ಹೇಳಿ. ಒರೆಸದೆ ನಾನು ಎಷ್ಟು ದೂರ ಹೋಗಬಹುದು?”

“ಅಗತ್ಯವಿದ್ದಾಗಲೆಲ್ಲ ಒರೆಸಬೇಕು” ಎಂದೆ. ನಮ್ಮ ಪಾಠದಲ್ಲಿ ಇರುವುದು ಅಷ್ಟೇ.

“ಯಾರ ಅಗತ್ಯ?” ಎಂದಳು. ಆಮೇಲೆ ಆಕೆ ದನಿ ತಗ್ಗಿಸಿ, ಮಕ್ಕಳು ಅಮ್ಮನ ಹತ್ತಿರ ಅನುಮತಿ ಕೇಳುವ ಹಾಗೆ, ಇದೊಂದು ಸಲ ನಿಲ್ಲಿಸದೆ ಹೋಗಿಬಿಡುತ್ತೇನೆ, ರಸ್ತೆ ಖಾಲಿ ಇದೆ, ಈ ದಾರಿ ನನಗೆ ಹುಟ್ಟಿದಾಗಿನಿಂದ ಗೊತ್ತು ಎಂದಳು. ಎದುರಿಗೆ ಏನು ಕಾಣುತ್ತಿದೆ ಎಂದು ಕೇಳಿದೆ. “ಏನೂ ಇಲ್ಲ” ಎಂದಳು. “ಹಾಗಾದರೆ ನಿಲ್ಲಿಸಿ” ಎಂದೆ.

ನಿಲ್ಲಿಸಿದಳು.

ಈ ಘಟ್ಟವನ್ನು ಆಮೇಲೆ ನನ್ನ ಗಂಡನಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನದು ಒಂದೇ ಪ್ರಶ್ನೆ: “ಮತ್ತೇನ್ ಹೇಳ್ಬೇಕಿತ್ತು ನೀನು? ಹೋಗು ಅನ್ನಕ್ಕಾಗತ್ತಾ?” ಆಗುವುದಿಲ್ಲ. ಇವತ್ತು ಅದೇ ಕರೆ ಬಂದರೂ ಅದನ್ನೇ ಹೇಳುತ್ತೇನೆ. ತಪ್ಪು ಮಾಡಿದ್ದರೆ ಅದನ್ನು ಹಿಡಿದು ಅಳಬಹುದಿತ್ತು, ಯಾರ ಹತ್ತಿರವಾದರೂ ಕ್ಷಮೆ ಕೇಳಬಹುದಿತ್ತು. ಸರಿಯಾದದ್ದನ್ನು ಮಾಡಿದವಳಿಗೆ ಅದೂ ಇಲ್ಲ. ಗಂಡ ಸಮಾಧಾನ ಮಾಡಲು ಹೇಳಿದ ಆ ಮಾತಿನಷ್ಟು ನನ್ನನ್ನು ಕುಗ್ಗಿಸಿದ್ದು ಇನ್ನೊಂದಿಲ್ಲ.

ಆಸ್ಪತ್ರೆಯ ಊರು ನನ್ನ ಪರದೆಯ ಮೇಲಿನ ಅಂಚಿನಲ್ಲಿ ಕಾಣತೊಡಗಿತ್ತು. ಊರಿನ ದೀಪಗಳು ಬಂದರೆ ಕಷ್ಟ ಕಡಿಮೆ, ಇನ್ನು ಸ್ವಲ್ಪ ಎಂದು ನಾನೇ ಹುರುಪಿನಿಂದ ಹೇಳುತ್ತಿದ್ದೆ. ಆಕೆಯೂ ಮಾತಾಡತೊಡಗಿದ್ದಳು. ತಾಯಿಗೆ ಚಳಿ ಕಂಡರೆ ಆಗದು, ಯಾವಾಗಲೂ ಕಾಲುಚೀಲ ಹಾಕಿಕೊಂಡೇ ಮಲಗುತ್ತಾಳೆ, ತಮ್ಮನಿಗೆ ಅದು ನೆನಪಿದೆಯೋ ಇಲ್ಲವೋ, ಹೋದ ತಕ್ಷಣ ಮೊದಲು ಕಾಲು ಮುಟ್ಟಿ ನೋಡುತ್ತೇನೆ ಎಂದಳು. ಆಗ ನನಗೆ ಆಕೆ ಯಾರೋ ಎನ್ನಿಸಲಿಲ್ಲ. ಈಕೆ ತಲುಪಲೇಬೇಕು ಎಂದು ನಾನು ನನಗಾಗಿಯೂ ಯಾವತ್ತೂ ಬೇಡಿಕೊಳ್ಳದಷ್ಟು ಬೇಡಿಕೊಂಡೆ.

“ತಮ್ಮ ಫೋನ್ ಮಾಡುತ್ತಿದ್ದಾನೆ, ಇರಿ” ಎಂದು ಆಕೆ ನನ್ನನ್ನು ಕಾಯಲು ಬಿಟ್ಟಳು. ಚುಕ್ಕಿ ನಿಂತಿತು. ನನ್ನ ಕಿವಿಯಲ್ಲಿ ಸದ್ದಿಲ್ಲ. ಪಕ್ಕದ ಸಾಲಿನಲ್ಲಿ ನಮ್ಮ ತಮಿಳು ಹುಡುಗ ಯಾರಿಗೋ ಟೈರಿನ ಗಾಳಿಯ ಬಗ್ಗೆ ವಿವರಿಸುತ್ತಿದ್ದ. ಕಿಟಕಿಯಾಚೆ ಬಿಸಿಲು ಚುರುಗುಟ್ಟುತ್ತಿತ್ತು. ಚುಕ್ಕಿ ಜರುಗಲಿ, ಒಂದು ಚೂರು ಜರುಗಲಿ ಎಂದು ಕಣ್ಣು ಮಿಟುಕಿಸದೆ ಕೂತಿದ್ದೆ. ಜರುಗಲಿಲ್ಲ. ನನಗೆ ಗೊತ್ತಾಯಿತು.

ಆಕೆ ಮತ್ತೆ ಕರೆಗೆ ಬಂದಳು. “ಹೋದಳಂತೆ. ಈಗಷ್ಟೇ.”

ಸಾವಿನ ಸುದ್ದಿ ಬಂದರೆ ಏನು ಹೇಳಬೇಕೆಂದು ನಮಗೆ ಎರಡು ವಾಕ್ಯ ಕಲಿಸಿದ್ದಾರೆ. ಅವನ್ನು ಹೇಳಿದೆ. ಹೇಳುತ್ತಿದ್ದ ಹಾಗೇ ನನಗೆ ನನ್ನ ಬಾಯಿಯ ಬಗ್ಗೆ ಹೇಸಿಗೆಯಾಯಿತು. ಆಕೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ.

“ನೀವು ಎಲ್ಲಿದ್ದೀರಿ?” ಎಂದು ಕೇಳಿದಳು.

ಇಂಥ ಪ್ರಶ್ನೆಗೆ ‘ನಿಮ್ಮ ಸಹಾಯಕ್ಕೆ ಇಲ್ಲೇ ಇದ್ದೇನೆ’ ಎನ್ನುವುದು ನಿಯಮ. ನಾನು “ಮಲೇಷ್ಯಾದಲ್ಲಿ” ಎಂದೆ.

“ಅಲ್ಲಿ ಹಿಮ ಬೀಳುತ್ತದೆಯೇ?”

“ಇಲ್ಲ. ನಾನು ಹಿಮ ನೋಡಿಯೇ ಇಲ್ಲ.”

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಯಾಯಿತು. ನೋಡದವಳು ನೀನು, ನನ್ನನ್ನು ಹತ್ತಾರು ಸಲ ನಿಲ್ಲಿಸಿದೆಯಲ್ಲ ಎಂದು ಕೂಗಲಿ, ಕರೆ ಕಡಿದುಹಾಕಲಿ. ಆಕೆ ಎರಡನ್ನೂ ಮಾಡಲಿಲ್ಲ. “ಸರಿ” ಎಂದಳು. ಆಮೇಲೆ, “ಆಸ್ಪತ್ರೆ ಬರುವವರೆಗೂ ಲೈನಿನಲ್ಲಿ ಇರುತ್ತೀರಾ?” ಎಂದಳು. ಇರುತ್ತೇನೆ ಎಂದೆ.

ಚುಕ್ಕಿ ಹೊರಟಿತು. ಮೊದಲಿಗಿಂತ ನಿಧಾನ. ನನ್ನ ಕಣ್ಣಿನ ನೀರು ಮೈಕಿನ ಮೇಲೆ ಬೀಳುತ್ತಿತ್ತು, ಸದ್ದಾಗಬಾರದೆಂದು ಮೂಗನ್ನೂ ಎಳೆದುಕೊಳ್ಳಲಿಲ್ಲ. ಇನ್ನು ನಿಲ್ಲಿಸಿ, ಒರೆಸಿ ಎಂದು ಬಾಯಿಬಿಟ್ಟು ಹೇಳುವುದು ನನ್ನಿಂದ ಸಾಧ್ಯವಿರಲಿಲ್ಲ. ಹೇಳದೆ ಬಿಡುವುದೂ ಸಾಧ್ಯವಿರಲಿಲ್ಲ. ಯಾವಾಗ ಹೇಳಲಿ, ಹೇಗೆ ಹೇಳಲಿ ಎಂದು ಒದ್ದಾಡುತ್ತಿರುವಾಗ ಆಕೆಯೇ ಕೇಳಿದಳು.

“ದೀಪ ಮತ್ತೆ ಮಂಕಾಗುತ್ತಿದೆ. ನಿಲ್ಲಿಸಲೇ?”

“ನಿಲ್ಲಿಸಿ” ಎಂದೆ.

ಬಾಗಿಲು ತೆರೆದ ಸದ್ದು ಬಂತು, ಗಾಳಿಯ ಸದ್ದು ಬಂತು. ಗಾಜು ಕೆರೆಯುವ ಸದ್ದಿಗೆ ಕಾದೆ. ಅದು ಬರಲಿಲ್ಲ; ಗಾಳಿಯ ನಡುವೆ ಆಕೆ ಬಿಕ್ಕುವುದು ಕೇಳಿಸಿತು. ಈ ಸಲ ಆಕೆ ಕಾರಿನೊಳಗೆ ವಾಪಸು ಬರಲು ಬಹಳ ಹೊತ್ತು ಹಿಡಿಯಿತು.