ಕಪ್ಪು ಉಗುರಿನ ಧೂಪ

ದೊಡ್ಡಪ್ಪನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ಆರಲಿ ಅನ್ನುವ ಆಸೆಯೂ ಇಲ್ಲ.

ಅಪ್ಪ ತೀರಿಕೊಂಡ ವರ್ಷ ನಾನು ಪೂರ್ತಿ ಕಪ್ಪಿಗೆ ಬಿದ್ದೆ. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಕಣ್ಣಿಗೆ ಕಾಡಿಗೆ, ಉಗುರಿಗೆ ಕಪ್ಪು ಬಣ್ಣ, ಕೊರಳಲ್ಲಿ ಕಪ್ಪು ಮಣಿಗಳ ಸರ. ನಮ್ಮಂಥವರನ್ನು ಇಂಗ್ಲಿಷಿನಲ್ಲಿ ಗಾತ್ ಅನ್ನುತ್ತಾರೆ. ಮೈಸೂರಿನಲ್ಲಿ ಇದ್ದವರೇ ನಾಲ್ಕೈದು ಜನ. ಸಾವಿನ ಹಾಡು ಕೇಳುತ್ತಿದ್ದೆವು, ಸತ್ತವರ ವಿಷಯ ಸಲೀಸಾಗಿ ಮಾತಾಡುತ್ತಿದ್ದೆವು. ನೆಂಟರ ಮುಂದೆ ಅಪ್ಪನ ಹೆಸರೆತ್ತಿದರೆ ‘ಬುಡು, ಆ ವಿಷ್ಯ ಯಾಕೀಗ’ ಅನ್ನುತ್ತಿದ್ದರು. ಈ ಗೆಳೆಯರು ಮಾತ್ರ ‘ನಿಮ್ಮಪ್ಪ ಹೇಗಿದ್ರು, ಹೇಳೋ’ ಅಂತ ಕೇಳುತ್ತಿದ್ದರು.

ಹಾಗಂತ ದೇವರನ್ನೇನೂ ನಾನು ಬಿಟ್ಟಿರಲಿಲ್ಲ. ಗರ್ಭಗುಡಿಯ ಕತ್ತಲಲ್ಲಿ ಕೂತಿರುವ ಕರಿಕಲ್ಲಿನ ದೇವರಿಗೆ ನನ್ನ ಕರಿ ಅಂಗಿಯಿಂದ ಏನು ತೊಂದರೆ? ತೊಂದರೆ ಇದ್ದದ್ದು ದೊಡ್ಡಪ್ಪನಿಗೆ.

ಪಿತೃಪಕ್ಷದಲ್ಲಿ ನಮ್ಮ ಮನೆತನದ ಎಡೆ ಇಡುವುದು ಕುಂಬಾರಕೊಪ್ಪಲಿನ ಅವರ ಮನೆಯಲ್ಲಿ. ಅಪ್ಪನ ಫೋಟೋ ಮುಂದೆ ಬಾಳೆ ಎಲೆ, ಮಾಂಸದ ಸಾರು, ಹೊಸ ಬಟ್ಟೆ. ಮೊದಲ ಧೂಪ ಮಗನದು. ನಾನು ಸಾಂಬ್ರಾಣಿಗೆ ಕೈ ಚಾಚಿದೆ. ದೊಡ್ಡಪ್ಪ ಆ ಕೈಯನ್ನು ತಟ್ಟಿ ತಳ್ಳಿದರು.

“ಥೂ, ಏನ್ ಉಗುರ್ಲಾ ಅದು! ಈ ಪಿಶಾಚಿ ವೇಸ್ದಲ್ಲಿ ಧೂಪ ಹಾಕುದ್ರೆ ನಿಮ್ಮಪ್ಪ ಎಡೆ ಮುಟ್ಟಾನಾ?”

ನೆಂಟರು ನಕ್ಕರು. ಅಮ್ಮ ತಲೆ ಬಗ್ಗಿಸಿದಳು. ದೊಡ್ಡಪ್ಪ ತಮ್ಮ ಮಗನನ್ನು ಕರೆದು ನನ್ನಪ್ಪನಿಗೆ ಅವನ ಕೈಯಲ್ಲಿ ಧೂಪ ಹಾಕಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಅವರ ಬಾಯಿಂದಲೇ ವಾಪಸ್ಸು ತೆಗೆಸದಿದ್ದರೆ ನಾನು ನನ್ನಪ್ಪನ ಮಗನೇ ಅಲ್ಲ ಅಂದುಕೊಂಡೆ.

ಕಾರ್ತಿಕ ಬಂತು. ದೊಡ್ಡಪ್ಪ ಅಯ್ಯಪ್ಪನ ಮಾಲೆ ಹಾಕಿದರು. ಆಹಾ, ಈಗ ನೋಡಬೇಕಿತ್ತು ಅವರನ್ನು! ಕಪ್ಪು ಪಂಚೆ, ಕಪ್ಪು ಅಂಗಿ, ಹೆಗಲ ಮೇಲೆ ಕಪ್ಪು ಟವೆಲ್ಲು. ಬೀದಿಯವರೆಲ್ಲ ‘ಸ್ವಾಮಿ, ಸ್ವಾಮಿ’ ಅಂತ ಕಾಲಿಗೆ ಬೀಳುತ್ತಿದ್ದರು. ಅವರ ಕಪ್ಪು ಭಕ್ತಿ, ನನ್ನ ಕಪ್ಪು ಪಿಶಾಚಿ.

ಅವರ ಮನೆಯ ಭಜನೆಗೆ ನಾನು ಬೇಕಂತಲೇ ಹೋದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಗಡ್ಡ ಬೆಳೆದಿತ್ತು, ಕೊರಳಲ್ಲಿ ಮಣಿಸರವಿತ್ತು. ಇಲವಾಲದಿಂದ ಬಂದಿದ್ದ ಗುರುಸ್ವಾಮಿಗೆ ನನ್ನ ಪರಿಚಯವಿಲ್ಲ. ಮಾಲೆ ಹಾಕಿದವನೇ ಅಂದುಕೊಂಡು ಎದ್ದು ಬಂದು ನನ್ನ ಕಾಲು ಮುಟ್ಟಿಬಿಟ್ಟರು. ಮಾಲೆ ಹಾಕಿದವರು ಎದುರಾದರೆ ಚಿಕ್ಕವರು ದೊಡ್ಡವರು ಅನ್ನದೆ ಒಬ್ಬರ ಕಾಲನ್ನೊಬ್ಬರು ಮುಟ್ಟುತ್ತಾರೆ.

“ಅಯ್ಯೋ, ಅವ್ನು ಸ್ವಾಮಿ ಅಲ್ಲ ಕಣ್ರೀ,” ದೊಡ್ಡಪ್ಪ ಓಡಿ ಬಂದರು. “ನನ್ ತಮ್ಮನ ಮಗ. ವರ್ಷೆಲ್ಲಾ ಇಂಗೇ ಕಪ್ಪು ಸುತ್ಕಂಡ್ ತಿರುಗ್ತಾನೆ.”

ಗುರುಸ್ವಾಮಿ ನಕ್ಕರು. “ಆದ್ರೇನ್ ಸ್ವಾಮಿ? ಮಾಲೆ ಹಾಕ್ದೋರ್ಗೆ ಎಲ್ರೂ ಅಯ್ಯಪ್ಪನೇ. ನಾನೇ ಮುಟ್ಟಿದೀನಿ, ನೀವೂ ಮುಟ್ಟಿ.”

ಮನೆ ತುಂಬ ಜನ. ವ್ರತದಲ್ಲಿ ಸಿಟ್ಟು ಮಾಡುವಂತಿಲ್ಲ, ಗುರುಸ್ವಾಮಿಯ ಮಾತು ಮೀರುವಂತಿಲ್ಲ. ದೊಡ್ಡಪ್ಪ ಹಲ್ಲು ಕಚ್ಚಿಕೊಂಡು ಬಗ್ಗಿದರು. ಹಿರಿಯರು ಬಗ್ಗಿದರೆ ಅರ್ಧದಲ್ಲೇ ತಡೆದು ಎತ್ತಬೇಕು. ನಾನು ಎತ್ತಲಿಲ್ಲ. ಅವರ ಕೈ ನನ್ನ ಪಾದದ ಮೇಲಿರುವಾಗಲೇ ಎಲ್ಲರಿಗೂ ಕೇಳುವಂತೆ ಅಂದೆ:

“ದೊಡ್ಡಪ್ಪ, ಮುಂದಿನ್ ಸಲ ಅಪ್ಪಂಗೆ ಧೂಪ ಹಾಕೋರ್ಯಾರು?”

ಭಜನೆಯ ತಾಳ ನಿಂತಿತು.

“ನೀನೇ ಹಾಕು, ಸ್ವಾಮಿ,” ಅಂದರು ನೆಲ ನೋಡುತ್ತಾ.

ಹೊಟ್ಟೆ ತಣ್ಣಗಾಯಿತು ಅಂದುಕೊಂಡಿದ್ದೆ. ಆಗಿರಲಿಲ್ಲ.

ಮುಂದಿನ ಪಿತೃಪಕ್ಷಕ್ಕೆ ಉಗುರಿಗೆ ಎರಡು ಪದರ ಕಪ್ಪು ಬಣ್ಣ ಬಳಿದುಕೊಂಡು ಹೋದೆ. ಹೊಸ ಬಟ್ಟೆ ಅಂತ ಅಪ್ಪನ ಎಡೆಗೆ ಕಪ್ಪು ಅಂಗಿ ಇಟ್ಟೆ. ದೊಡ್ಡಪ್ಪ ಹೆಂಚಿನ ಚೂರಿನ ಮೇಲೆ ಕೆಂಡ ಹಿಡಿದು ನನ್ನ ಪಕ್ಕ ನಿಂತರು. ನಾನು ಅಪ್ಪನ ಮುಖವನ್ನೇ ನೋಡುತ್ತಾ ಸಾಂಬ್ರಾಣಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದೆ. ಒಂದು ವರ್ಷದ ಮಾತು ಬಾಕಿ ಇತ್ತು, ಎಲ್ಲವನ್ನೂ ಅಪ್ಪನಿಗೆ ಮನಸ್ಸಿನಲ್ಲೇ ಹೇಳಿದೆ.

“ಬೇಗ ಹಾಕ್ಲಾ, ಕೈ ಸುಡ್ತದೆ,” ಅಂದರು ದೊಡ್ಡಪ್ಪ.

ಕೇಳಿಸಿತು. ಇನ್ನೊಂದು ಚಿಟಿಕೆ ತಗೊಂಡೆ.