ಚಾಚಾ ಕಟ್ಟದ ದಂಡ

ಸಂಜೆ ಮಕ್ಕಳನ್ನು ಇಳಿಸುವ ಹೊತ್ತಿಗೆ ಆಟೊ ಚಾಚಾನ ಬಿಳಿ ಗಡ್ಡ ಮದರಂಗಿ ಹಚ್ಚಿದ ಹಾಗೆ ಕೆಂಪಾಗಿರುತ್ತಿತ್ತು. ಎಲ್ಲಾ ಅದಿರಿನ ದೂಳು. ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ರಸ್ತೆಗಳು ಲಾರಿಗಳದ್ದೇ. ಅಂಥದ್ದರಲ್ಲಿ ನಮ್ಮ ಓಣಿಯ ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತಿದ್ದವರು ಇವರು. ಹತ್ತಿರದ ಬಾದನಹಟ್ಟಿ ಊರಿನವರು, ಮಾತು ಜೋರು, ಗಾಡಿ ಮೆಲ್ಲಗೆ. "ಮೊಳಕೈ ಒಳಗ ತಗೋರಲೇ!" ಎಂದು ಕೂಗದೆ ಹೊರಡುತ್ತಿರಲಿಲ್ಲ. ಫೋನಿನಲ್ಲಿ ಮಾತಾಡಬೇಕೆಂದರೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು ಮುಂದೆ ಕೂತ ಮಗುವಿನ ಕೈಗೆ ಕೊಡುತ್ತಿದ್ದರು. ಮಾತು ಆಮೇಲೆ.

ಒಂದು ಸಂಜೆ ಲಾರಿಗಳು ರಸ್ತೆ ಕಟ್ಟಿ ನಿಂತವು. ಮಕ್ಕಳು ಬರುವುದು ತಡ ಎಂದು ಹೇಳಲು ಚಾಚಾ ನನಗೆ ಫೋನು ಮಾಡಿದರು. ಪಕ್ಕದಿಂದ ನನ್ನ ಮಗಳ ಕಿರುಚಾಟ: "ಅಮ್ಮಾ, ಇವತ್ತು ಕೀಲಿ ನನಗ ಕೊಟ್ಟಾರ!" ಅಷ್ಟರಲ್ಲಿ ಪೊಲೀಸಪ್ಪನೊಬ್ಬ ಬಂದು, ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದರೆಂದು ಕೇಸು ಬರೆದೇಬಿಟ್ಟ. ಅದಿರು ಚೆಲ್ಲುತ್ತಿದ್ದ ಲಾರಿಗಳು ಅವನ ಕಣ್ಣಿಗೆ ಬೀಳಲಿಲ್ಲ, ಈ ಮುದುಕನ ಕಿವಿಯ ಫೋನು ಬಿತ್ತು ನೋಡಿ!

ಸುದ್ದಿ ಓಣಿಗೆ ಮುಟ್ಟಿದ್ದೇ ತಡ, ಎರಡು ಮನೆಯವರು ಮಕ್ಕಳನ್ನು ಚಾಚಾನ ಆಟೊದಿಂದ ಬಿಡಿಸಿಕೊಂಡರು. "ದಂಡ ಕಟ್ಟಿಬಿಡ್ರಿ ಚಾಚಾ, ಕೋರ್ಟು ಯಾಕ?" ಎಂದು ನಾನೇ ಅಂದೆ.

"ಕಟ್ಟಂಗಿಲ್ಲಮ್ಮ. ಕಟ್ಟಿದ್ರ ತಪ್ಪು ಮಾಡೀನಿ ಅಂತ ನಾನ ಹೇಳಿದಂಗಾತು. ಆಮ್ಯಾಲೆ ನನ್ನ ಕೈಯಾಗ ಮಕ್ಕಳನ್ನ ಯಾರು ಕೊಡ್ತಾರ?"

ಕೋರ್ಟಿನಲ್ಲಿ ಹೆಸರು ಕರೆದವರೆಲ್ಲ "ತಪ್ಪಾತ್ರಿ" ಎಂದು ಕೈಮುಗಿದು ಹೋಗುತ್ತಿದ್ದರು. ಚಾಚಾ ಎದೆ ಸೆಟೆಸಿ ನಿಂತು, "ತಪ್ಪಿಲ್ರೀ ಸಾಹೇಬ್ರ" ಅಂದರು. ವಿಚಾರಣೆಯ ದಿನ ನಾನು ಸಾಕ್ಷಿ ಹೇಳಿದೆ. "ಆ ಫೋನಿನ್ಯಾಗ ಮಾತಾಡಿದಾಕಿ ನಾನ ರೀ. ಗಾಡಿ ಕೀಲಿ ನನ್ನ ಮಗಳ ಕೈಯಾಗಿತ್ತು." ಗಾಡಿ ನಿಂತಿತ್ತೆಂದು ಪೊಲೀಸಪ್ಪನೂ ಕೊನೆಗೆ ಒಪ್ಪಬೇಕಾಯಿತು. ಕೇಸು ಬಿದ್ದುಹೋಯಿತು.

ಮರುದಿನ ಬೆಳಿಗ್ಗೆ ಚಾಚಾ ಆ ಎರಡೂ ಮನೆಗಳ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರು. ಒಂದು ಮನೆಯ ಮಗು ಓಡಿ ಬಂತು. ನಮ್ಮ ಎದುರು ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ.

"ಬಿಡ್ರಿ ಚಾಚಾ, ಅವರು ಕಳಿಸಂಗಿಲ್ಲ" ಎಂದೆ.

"ಕಳಿಸೋದು ಬಿಡೋದು ಅವರಿಷ್ಟ. ತಪ್ಪು ಮಾಡಿದಾವ ತಲಿ ತಗ್ಗಿಸ್ಕೊಂಡು ಹೋಗ್ಲಿ. ನಾ ಯಾಕ ಸುಮ್ಮನ ಹೋಗ್ಲಿ?"

ಗಣಿ ನಿಂತು ಲಾರಿಗಳು ಕಾಣೆಯಾದ ಮೇಲೂ ದಿನಾ ಬೆಳಿಗ್ಗೆ ಆ ಮುಚ್ಚಿದ ಬಾಗಿಲಿಗೊಂದು ಹಾರ್ನ್ ಹೊಡೆದೇ ಮುಂದೆ ಹೋಗುತ್ತಿದ್ದರು.

ಎದೆನೋವು ಬಂದು ಚಾಚಾ ತೀರಿಕೊಂಡ ಬೆಳಿಗ್ಗೆ ಓಣಿಯಲ್ಲಿ ಹಾರ್ನ್ ಕೇಳಲಿಲ್ಲ. ಎದುರು ಮನೆಯಾಕೆ ಬಾಗಿಲು ತೆರೆದು ಹೊರಗೆ ಬಂದಳು.

"ಯಾಕ್ರಿ, ಇವತ್ತು ಚಾಚಾ ಬರಲಿಲ್ಲ?"

"ಇನ್ನ ಬರಂಗಿಲ್ರಿ" ಅಂದೆ. "ಬಾಗಿಲು ತೆಗಿಯೋದು ಭಾಳ ತಡ ಮಾಡಿದ್ರಿ."