ಮೊಲಕ್ಕೂ ಪಂಚಮಿ

ಆ ಬುಧವಾರವೂ ಐದೂವರೆಗೆ ಎದ್ದು, ಗ್ಯಾಸಿನ ಒಂದು ಕಡೆ ಚಹಾಕ್ಕೆ ನೀರು, ಇನ್ನೊಂದು ಕಡೆ ರೊಟ್ಟಿಯ ಹಂಚು ಇಟ್ಟೆ. ನಮ್ಮ ಯಜಮಾನರು ಮೂಡಲಗಿಯ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಗೋಕಾಕದಿಂದ ಎಂಟರ ಬಸ್ಸು ತಪ್ಪಬಾರದು. ನಾಲ್ಕು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಮೊಸರಿನ ಡಬ್ಬಿಯ ಮುಚ್ಚಳ ಸಡಿಲ, ಅದಕ್ಕೊಂದು ರಬ್ಬರ್ ಸುತ್ತಬೇಕು. ಅವರು ಗೇಟಿನ ಚಿಲಕ ಹಾಕಿದ ಸದ್ದು ಕೇಳಿದರೆ, ಮತ್ತೆ ಅದನ್ನು ತೆಗೆಯುವ ಸದ್ದು ಕೇಳುವುದು ರಾತ್ರಿ ಊಟದ ಹೊತ್ತಿಗೇ.

ಕಸ ಗುಡಿಸುತ್ತಾ ಹಿಂದಿನ ಕೋಣೆಗೆ ಬಂದೆ. ಅಲ್ಲಿ ಮೂರು ದಿನದಿಂದ ಮೊಲ ಇತ್ತು. ನಮ್ಮದಲ್ಲ. ನಮ್ಮ ಗೋಡೆಗೆ ಹತ್ತಿಕೊಂಡೇ ಒಂದು ನರ್ಸರಿ ಶಾಲೆಯಿದೆ, ಅದರ ಮೊಲ. ಮೈಯೆಲ್ಲ ಬಿಳಿ, ಎಡಗಿವಿಯ ತುದಿಯಲ್ಲಿ ಮಾತ್ರ ಚಹಾ ಚೆಲ್ಲಿದಂಥ ಕಲೆ. ಶಾಲೆಗೆ ಸೂಟಿ ಇದ್ದಾಗೆಲ್ಲ ಅಲ್ಲಿಯ ಆಯಾ ಪಂಜರವನ್ನು ಗಿಡ್ಡ ಗೋಡೆಯ ಮೇಲಿಂದ ನನ್ನ ಕೈಗೆ ದಾಟಿಸುತ್ತಿದ್ದಳು. ಒಂದು ವರ್ಷದಿಂದ ಹೀಗೇ. ಮಕ್ಕಳಿಲ್ಲದ ಮನೆ, ಇವರಿಗೂ ಹೊತ್ತು ಹೋಗುತ್ತದೆ ಎಂದು ಶಾಲೆಯವರು ಅಂದುಕೊಂಡಿರಬೇಕು. ಅವರೇನೂ ತಪ್ಪು ತಿಳಿದಿರಲಿಲ್ಲ.

ದಿನಾ ಬೆಳಿಗ್ಗೆ ಮೊಲದ ಕೆಳಗೆ ಹಾಸಿದ ಪೇಪರಿನ ಮೇಲೆ ಕರಿಮೆಣಸು ಚೆಲ್ಲಿದಂತೆ ಹಿಕ್ಕೆ ಬಿದ್ದಿರುತ್ತಿತ್ತು. ಅಂದು ಪೇಪರು ಸ್ವಚ್ಛವಾಗಿತ್ತು. ಹಿಂದಿನ ಸಂಜೆ ಇಟ್ಟ ಮೆಂತ್ಯ ಸೊಪ್ಪು ಬಾಡಿ ಅಲ್ಲೇ ಬಿದ್ದಿತ್ತು. ಮೊಲ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತು, ಕಣ್ಣು ಅರ್ಧ ಮುಚ್ಚಿ ಹಲ್ಲು ಮಸೆಯುತ್ತಿತ್ತು.

ಯಾಕೆಂದು ನನಗೆ ಆಗಲೇ ಗೊತ್ತಿತ್ತು.

ಹಿಂದಿನ ದಿನ ನಾಗರ ಪಂಚಮಿ. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಓಣಿಯಲ್ಲಿ ಆ ನಾಲ್ಕು ದಿನ ಹೆಂಗಸರ ದನಿಯೇ ಇರುವುದಿಲ್ಲ. ಗಂಡಸರು ಅಂಗಳದಲ್ಲಿ ತಾವೇ ಬನಿಯನ್ ಹಿಂಡಿ ಒಣಹಾಕುತ್ತಿರುತ್ತಾರೆ. ನನ್ನ ತವರು ಹುಕ್ಕೇರಿ. ಅವ್ವ ತೀರಿಕೊಂಡ ಮೇಲೆ ತಮ್ಮ ಮೊದಲ ಎರಡು ವರ್ಷ ಬಂದ. ಈ ಸಲ ಫೋನ್ ಮಾಡಿದ.

"ಅಕ್ಕಾ, ಬರಾಕ ಆಗವಲ್ದು ನೋಡು. ನೀವ ಇಬ್ರೂ ಬಂದ್ ಹೋಗ್ರಲ್ಲ?"

ಬಸ್ಸು ಹತ್ತಿದರೆ ಹುಕ್ಕೇರಿ ಏನು ದೂರವಲ್ಲ. ಆದರೆ ಕರೆಯಲು ಯಾರೂ ಬಾರದೆ ಪಂಚಮಿಗೆ ಹೋದವಳನ್ನು ತವರಿನ ಓಣಿ ಹೇಗೆ ನೋಡುತ್ತದೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. "ನೋಡೋಣು" ಎಂದೆ.

ಆದರೂ ಉಂಡಿ ಕಟ್ಟಿದೆ. ಶೇಂಗಾ, ಎಳ್ಳು, ಪುಠಾಣಿ, ರವೆ. ಅವ್ವ ಕಟ್ಟುತ್ತಿದ್ದಷ್ಟೇ ಗಾತ್ರ. ಯಜಮಾನರಿಗೆ ಸಕ್ಕರೆ ಕಾಯಿಲೆ. ಒಂದರ ಕಾಲುಭಾಗ ಮುರಿದು ಬಾಯಿಗೆ ಹಾಕಿಕೊಂಡು, "ಛಲೋ ಆಗ್ಯಾವ" ಎಂದು ಕೆಲಸಕ್ಕೆ ಹೋದರು. ಮಧ್ಯಾಹ್ನ ತಾಟು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತಿದ್ದೆ. ಹಗಲು ಪಂಜರದಿಂದ ಹೊರಗೆ ಬಿಟ್ಟಿರುತ್ತಿದ್ದ ಮೊಲ ಬಂದು ಮುಂಗಾಲುಗಳನ್ನು ನನ್ನ ಮೊಣಕಾಲಿನ ಮೇಲಿಟ್ಟು ನಿಂತಿತು. ಹಬ್ಬದ ದಿನ ಮನೆಯಲ್ಲಿರುವ ಜೀವಕ್ಕೆ ಕೊಡದೆ ಒಬ್ಬಳೇ ತಿನ್ನುವುದು ಹೇಗೆ? ದನಕ್ಕೂ ಹೋಳಿಗೆ ತಿನ್ನಿಸಿದ ಮನೆತನ ನಮ್ಮದು. ಪುಠಾಣಿ ಉಂಡಿಯ ಒಂದು ಚೂರು ಕೊಟ್ಟೆ. ಮತ್ತೊಂದು. ಅಂಗೈಯಲ್ಲಿ ಉಳಿದ ಹಿಟ್ಟನ್ನು ಅದು ನೆಕ್ಕುವಾಗ ಕಚಗುಳಿಯಾಗಿ ನಾನು ಜೋರಾಗಿಯೇ ನಕ್ಕೆ. ಒಂದು ಉಂಡಿ ಮುಗಿದು ಇನ್ನೊಂದರ ಅರ್ಧವೂ ಆಗಿತ್ತು.

ಅಂದು ಬುಧವಾರವೇ ಮೂರು ಗಂಟೆಗೆ ನರ್ಸರಿಯಲ್ಲಿ ಪಾಲಕರ ಸಭೆ ಇತ್ತು. ಚಿಕ್ಕ ಮಕ್ಕಳ ಶಾಲೆಯಲ್ಲಿ ಪ್ರಾಣಿ ಇರಬೇಕೋ ಬೇಡವೋ ಎಂಬುದೇ ವಿಷಯ. ಹಿಂದಿನ ತಿಂಗಳು ಒಬ್ಬ ಹುಡುಗನ ಕೈಯನ್ನು ಮೊಲ ಪರಚಿತ್ತು, ಅವನ ತಾಯಿ ಆ ವಿಷಯ ಬಿಟ್ಟಿರಲಿಲ್ಲ. ದೊಡ್ಡ ಟೀಚರ್ ನನ್ನನ್ನೂ ಕರೆದಿದ್ದರು. "ಅಕ್ಕಾರ, ನೀವು ಬರಾಕ ಬೇಕ್ರಿ. ವರ್ಷ ಸಂಭಾಳಿಸಿದವ್ರು ನೀವು. ತ್ರಾಸ ಇಲ್ಲಂತ ನೀವು ಒಂದ್ ಮಾತ ಅಂದ್ರ ಮೊಲ ಉಳೀತೈತಿ."

ಹೇಳಬೇಕಾದದ್ದನ್ನು ನಾನು ಎರಡು ದಿನದಿಂದ ಪಾತ್ರೆ ತಿಕ್ಕುತ್ತಾ ಜೋಡಿಸಿಕೊಂಡಿದ್ದೆ. ಜೂನಿನಲ್ಲಿ ಸೇರಿದ ಒಂದು ಪುಟ್ಟ ಹುಡುಗಿ ಟೀಚರ ಮುಂದೆ ಈವರೆಗೆ ಬಾಯಿ ಬಿಟ್ಟಿಲ್ಲ. ಬಟ್ಟೆ ಒಣಹಾಕುವಾಗ ಗೋಡೆಯಾಚೆ ನೋಡಿದ್ದೇನೆ: ಅವಳು ಪಂಜರದ ಜಾಳಿಗೆಗೆ ತುಟಿ ಹಚ್ಚಿ, ಮನೆಯಲ್ಲಿ ಏನು ಅಡಿಗೆಯಾಯಿತು, ಯಾರು ಯಾರನ್ನು ಬೈದರು ಎಂದೆಲ್ಲ ಮೊಲಕ್ಕೆ ಹೇಳುತ್ತಾಳೆ. ನನಗೆ ಅದು ಹೊಸದಲ್ಲ. ಆರು ವರ್ಷಕ್ಕೇ ನನ್ನನ್ನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ಕನ್ನಡ ಮಾತಾಡಿದರೆ ದಂಡ. ಅಡಿಗೆಮನೆಯ ಹಿಂದೆ ಒಂದು ಕುಂಟು ಕೋಳಿ ಇತ್ತು. ಅದರ ಮುಂದೆ ಮಾತಾಡಿದರೆ ಮಾತ್ರ ದಂಡವಿರಲಿಲ್ಲ. ಒಂದು ಹಬ್ಬದ ಮರುದಿನ ಅದು ಅಲ್ಲಿರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ.

ಒಂಬತ್ತಕ್ಕೆ ಆಯಾ ಪಂಜರ ಇಸಿದುಕೊಳ್ಳಲು ಗೋಡೆಯ ಹತ್ತಿರ ಬಂದಳು. ಮೊಲವನ್ನು ನೋಡಿ ಸೆರಗು ಸಿಕ್ಕಿಸಿಕೊಂಡು, "ನಡೀರಿ ಅಕ್ಕಾರ, ದನದ ದವಾಖಾನಿಗೆ ಹೋಗೂಣು" ಎಂದಳು. ಹೊರಡುವಾಗ ದೊಡ್ಡ ಟೀಚರು ಶಾಲೆಯ ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದರು. "ಹುಡುಗ್ರು ಏನರ ತಿನ್ನಿಸಿರಬೇಕ್ರಿ" ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ದವಾಖಾನೆಯಲ್ಲಿ ನಮಗಿಂತ ಮುಂದೆ ಎಮ್ಮೆ ಹಿಡಿದುಕೊಂಡು ಒಬ್ಬ ಮುದುಕ ನಿಂತಿದ್ದ. ಮೊಲವನ್ನಿಟ್ಟ ನಮ್ಮ ಬುಟ್ಟಿಯೊಳಗೆ ಇಣುಕಿ, "ಯವ್ವಾ, ನಮ್ಮ ಎಮ್ಮಿಗೇ ಇನ್ನಾ ಪಾಳಿ ಬಂದಿಲ್ಲ, ಮೊಲಾನೂ ಬಂತೇನ!" ಎಂದು ನಗುತ್ತಾ ಎಮ್ಮೆಯನ್ನು ಬಾಜೂಕ್ಕೆ ಎಳೆದು ದಾರಿ ಬಿಟ್ಟ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಮೊಲದ ಗದ್ದದ ಕೂದಲಿಗೆ ಬೆಲ್ಲ ಅಂಟಿ ಗಟ್ಟಿಯಾಗಿತ್ತು. ನಾನು ನೋಡಿರಲಿಲ್ಲ.

"ಏನ್ರಿ, ಮೊಲಕ್ಕೂ ಪಂಚಮಿ ಮಾಡೀರೇನು?"

ಸೆರಗಿನ ತುದಿಯಿಂದ ಅದರ ಗದ್ದ ಒರೆಸಿದೆ. ಅವರು ಇಂಜೆಕ್ಷನ್ ಮಾಡಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಔಷಧಿ ಬಿಟ್ಟು, ಹೊಟ್ಟೆ ಹೇಗೆ ನೀವಬೇಕೆಂದು ತೋರಿಸಿದರು. "ಸಂಜೀತನಕ ಹಿಕ್ಕಿ ಹಾಕಿದ್ರ ಉಳೀತೈತ್ರಿ. ಇದಕ್ಕ ಹುಲ್ಲು, ಸೊಪ್ಪು. ಬ್ಯಾರೆ ಏನೂ ಬ್ಯಾಡ."

ರಿಕ್ಷಾದಲ್ಲಿ ಆಯಾ ಹೊರಗೆ ನೋಡುತ್ತಾ ಮೆಲ್ಲಗೆ ಅಂದಳು: "ನಮ್ಮ ಹುಡುಗ್ರು ಶನಿವಾರದಿಂದ ಇದರ ಮುಖಾ ನೋಡಿಲ್ರಿ, ಅಕ್ಕಾರ." ಬುಟ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ನಾ ಏನ್ ಯಾರಿಗೂ ಹೇಳಾಕ ಹೋಗೂದಿಲ್ರಿ."

ಮನೆಗೆ ತಂದು, ಮೊಲವನ್ನು ಮಡಿಲಲ್ಲಿಟ್ಟುಕೊಂಡು ಹೊಟ್ಟೆ ನೀವುತ್ತಾ ಕೂತೆ. ಗೋಡೆಯಾಚೆ ಮಕ್ಕಳು ಪ್ರಾರ್ಥನೆ ಹೇಳಿದರು, ಡಬ್ಬಿ ತೆರೆದರು, ಜಗಳಾಡಿದರು. ಒಮ್ಮೆ ಎದ್ದು ನೋಡಿದೆ. ಆ ಪುಟ್ಟ ಹುಡುಗಿ ಪಂಜರ ಇಡುವ ಕಟ್ಟೆಯ ಮುಂದೆ ಕೂತು ಖಾಲಿ ಕಲ್ಲಿನ ಮೇಲೆ ಬೆರಳಾಡಿಸುತ್ತಿದ್ದಳು. ಮಾತಾಡುತ್ತಿರಲಿಲ್ಲ. ಎರಡೂವರೆಗೆ ಮೊಲ ನನ್ನ ಸೀರೆಯ ಮೇಲೇ ಮೂರು ಹಿಕ್ಕೆ ಹಾಕಿತು. ಸಣ್ಣವು, ಮೆತ್ತಗಿನವು. ಸೀರೆ ಬದಲಿಸಿ ಸಭೆಗೆ ಹೋದೆ.

ಪಾಲಕರೆಲ್ಲ ಮಕ್ಕಳ ಗಿಡ್ಡ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಒಬ್ಬ ತಂದೆ ಮೊದಲೇ ನಗಿಸಿದ. "ನಮ್ಮನ್ಯಾಗ ಎಮ್ಮಿ, ಆಡು, ನಾಯಿ ಎಲ್ಲಾ ಅದಾವ್ರಿ. ಇಲ್ಲಿ ಫೀ ತುಂಬಿ ಮೊಲಾ ಯಾಕ ನೋಡ್ಬೇಕು?" ದೊಡ್ಡ ಟೀಚರು, ಮಕ್ಕಳು ಸರದಿ ಮೇಲೆ ನೀರಿಡುವುದನ್ನು ಕಲಿತಿದ್ದಾರೆ, ಮೆಲ್ಲಗೆ ಮುಟ್ಟುವುದನ್ನು ಕಲಿತಿದ್ದಾರೆ ಎಂದು ಹೇಳಿದರು. ಕೆಲವರು ತಲೆದೂಗಿದರು. ಆಗ ಪರಚಿಸಿಕೊಂಡ ಹುಡುಗನ ತಾಯಿ ಕೇಳಿದಳು, "ಮತ್ತ ಇವತ್ತ ಅದನ್ನ ದವಾಖಾನಿಗೆ ಒಯ್ದಿದ್ರಂತ?"

"ಹುಡುಗ್ರು ಏನೋ ತಿನ್ನಿಸ್ಯಾವ್ರಿ" ಎಂದರು ದೊಡ್ಡ ಟೀಚರು.

"ನೋಡ್ರಿ ಹಂಗಾರ! ಹುಡುಗ್ರ ಕೈಯಾಗ ಜೀವ ಕೊಟ್ರ ಇದ ಆಗೂದು."

ಬಾಗಿಲಲ್ಲಿ ನಿಂತಿದ್ದ ಆಯಾ ನೆಲ ನೋಡುತ್ತಿದ್ದಳು. ನಾನು ಎದ್ದು ನಿಂತೆ. ಸತ್ಯ ಹೇಳಿದರೆ ಮಕ್ಕಳ ಮೇಲಿನ ಮಾತು ಹೋಗುತ್ತದೆ, ಮೊಲ ಉಳಿಯುತ್ತದೆ ಎಂದೇ ನಾನು ನಂಬಿದ್ದೆ.

"ಹುಡುಗ್ರಲ್ರಿ. ನಾನ ತಿನ್ನಿಸಿದ್ದು. ಪಂಚಮಿ ಉಂಡಿ."

ಯಾರೋ ಕಿಸಕ್ಕೆಂದರು. ಆ ತಾಯಿ ಮಾತ್ರ ನಗಲಿಲ್ಲ. ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ. "ಅಕ್ಕಾರ, ನೀವು ಕಾನ್ವೆಂಟಿನ್ಯಾಗ ಕಲ್ತವ್ರು. ತಿಳದವ್ರು. ನಿಮಗ ತಡಕೊಳ್ಳಾಕ ಆಗಿಲ್ಲಂದ್ರ, ಮೂರ್ ವರ್ಷದ ಕೂಸಿಗೆ ಆಗ್ತೈತೇನ್ರಿ?"

ನಾನು ಆ ಗಿಡ್ಡ ಕುರ್ಚಿಯ ಮೇಲೆ ಮತ್ತೆ ಕೂತೆ. ಪುಟ್ಟ ಹುಡುಗಿಯ ಮಾತು, ಕೋಳಿಯ ಮಾತು ಯಾವುದೂ ಹೊರಗೆ ಬರಲಿಲ್ಲ. ಕೈ ಎತ್ತಿಸುವ ಅಗತ್ಯವೂ ಬೀಳಲಿಲ್ಲ. ಧುಪದಾಳದಲ್ಲಿರುವ ಆಯಾಳ ಅಕ್ಕನ ಮನೆಯಲ್ಲಿ ಬೇರೆ ಮೊಲಗಳಿವೆ, ಅಲ್ಲಿಗೆ ಕಳಿಸುವುದೆಂದಾಯಿತು. "ನನಗ ಕೊಡ್ರಿ" ಎಂಬುದು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟು ಹೊತ್ತಿಗಾಗಲೇ ಅದನ್ನು ಕೇಳುವ ಮುಖ ನನಗೆ ಉಳಿದಿರಲಿಲ್ಲ.

ಮಗುವಿಗೆ ಹತ್ತಿರದಲ್ಲೊಂದು ಪ್ರಾಣಿ ಬೇಕು ಎಂದು ನಾನು ಈಗಲೂ ನಂಬುತ್ತೇನೆ. ಪ್ರಾಣಿಗೆ ನಾವು ಬೇಕೋ ಎಂದು ಆವತ್ತಿನ ತನಕ ಕೇಳಿಕೊಂಡಿರಲಿಲ್ಲ. ಐದು ಗಂಟೆಗೆ ಆಯಾ ಬುಟ್ಟಿಯ ಮೇಲೆ ಹಳೆಯ ದುಪಟ್ಟಾ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು. ಔಷಧಿಯ ಬಾಟಲಿ ಕೊಟ್ಟು, ಹೊಟ್ಟೆ ನೀವುವುದನ್ನು ತೋರಿಸಿದೆ. "ಗೊತ್ತೈತ್ರಿ, ಬೆಳಿಗ್ಗೆ ನಾನೂ ಅಲ್ಲೇ ಇದ್ನಲ್ರಿ" ಎಂದಳು.

ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯವಳು ಸಂಕೇಶ್ವರದ ತವರಿನಿಂದ ಬಂದು ರಿಕ್ಷಾ ಇಳಿದಳು. ತೋಳಿನ ತುಂಬ ಹೊಸ ಬಳೆ. ನಾನು ಹಿಂದಿನ ಕೋಣೆಯ ಪೇಪರುಗಳನ್ನು ಮಡಚಿ ಹೊರಗೆ ತಂದಿದ್ದೆ. ಏನೆಂದು ಕೇಳಿದಳು, ಎರಡು ಮಾತಿನಲ್ಲಿ ಹೇಳಿದೆ. ಅವಳು ಚೀಲದಲ್ಲಿ ಕೀಲಿ ಹುಡುಕುತ್ತಲೇ ಅಂದಳು:

"ಹೋಗ್ಲಿ ಬಿಡ್ರಿ ವೈನಿ, ಛಲೋನ ಆತು. ಇನ್ನ ಮ್ಯಾಲರ ನಿಮಗ ಸೂಟಿ ದಿನಾ ಎಲ್ಲ್ಯಾರ ಹೋಗಿ ಬರಾಕ ಆಗ್ತೈತಿ."